ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಕ್ರಿಮಿನಲ್ ಕೇಸ್: ಡಿಫೆನ್ಸ್ ವಕೀಲರು ಏನು ಮಾಡುತ್ತಾರೆ, ಮನೆಯವರು ಏನು ಮಾಡಬೇಕು

ಅಮೆರಿಕದಲ್ಲಿ ನಮ್ಮವರೊಬ್ಬರ ಮೇಲೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕೇಸ್ ಬಿದ್ದಾಗ ಮನೆಯವರು ಮೊದಲ ದಿನವೇ ಕೇಳುವುದು "ಟ್ರಯಲ್ ಯಾವಾಗ?" ಅಂತ. ಅಲ್ಲಿನ ಲೆಕ್ಕ ನೋಡಿದರೆ ಈ ಪ್ರಶ್ನೆಗೆ ಅಷ್ಟು ಮಹತ್ವ ಇಲ್ಲ ಅನ್ನುವುದು ಗೊತ್ತಾಗುತ್ತದೆ. 2022ರಲ್ಲಿ ಫೆಡರಲ್ ಕೋರ್ಟುಗಳಲ್ಲಿ ಸುಮಾರು 72 ಸಾವಿರ ಆರೋಪಿಗಳ ಕೇಸು ಮುಗಿಯಿತು. ಅವರಲ್ಲಿ ಟ್ರಯಲ್ ನಡೆದು ಖುಲಾಸೆಯಾದವರು 290 ಜನ. ಶೇಕಡ 90ರಷ್ಟು ಜನ ತಪ್ಪೊಪ್ಪಿಕೊಂಡರು, ಶೇಕಡ 8ರಷ್ಟು ಜನರ ಕೇಸು ವಜಾ ಆಯಿತು. ಅಂದರೆ ವಕೀಲರ ಕೆಲಸದ ದೊಡ್ಡ ಪಾಲು ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ಗುಂಪು) ಮುಂದೆ ನಡೆಯುವುದೇ ಇಲ್ಲ. ಅದು ಫೋನಿನಲ್ಲಿ, ಕಾಗದದಲ್ಲಿ, ಜೈಲಿನ ಭೇಟಿ ಕೋಣೆಯಲ್ಲಿ, ಪ್ರಾಸಿಕ್ಯೂಟರ್ (ಸರ್ಕಾರದ ಪರ ಕೇಸು ನಡೆಸುವ ವಕೀಲರು) ಆಫೀಸಿನಲ್ಲಿ ನಡೆಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ "ಇಷ್ಟು ದುಡ್ಡು ಕೊಟ್ಟೆವು, ಲಾಯರ್ ಏನೂ ಮಾಡ್ತಿಲ್ಲ" ಅನ್ನುವ ಅನುಮಾನ ಬೇಗ ಬರುತ್ತದೆ. ಅನುಮಾನ ಬಂದ ಮನೆಯವರು ತಾವೇ ಏನೋ ಮಾಡಲು ಹೋಗುತ್ತಾರೆ. ಆಗ ಕೇಸು ಕೆಡುತ್ತದೆ.

ಅದಕ್ಕೇ ಈ ಬರಹ. ಪ್ರತಿ ಹಂತದಲ್ಲಿ ವಕೀಲರು ಏನು ಮಾಡುತ್ತಾರೆ, ನೀವು ಏನು ಮಾಡಬೇಕು, ಏನು ಮಾಡಬಾರದು ಅಂತ ಬರೆದಿದ್ದೇನೆ. ಇದು ನಿಮ್ಮ ಕೇಸಿಗೆ ಕಾನೂನು ಸಲಹೆ ಅಲ್ಲ, ಅದನ್ನು ನಿಮ್ಮ ವಕೀಲರೇ ಕೊಡಬೇಕು. ಅವರ ಜೊತೆ ಕೂತಾಗ ಏನು ಕೇಳಬೇಕು ಅನ್ನುವುದು ಇದರಿಂದ ಗೊತ್ತಾದರೆ ಸಾಕು.

ಫೆಡರಲ್ ಅಂದರೆ ಯಾವುದು?

ಕುಡಿದು ಕಾರು ಓಡಿಸಿದ್ದು, ಮನೆಯೊಳಗಿನ ಹೊಡೆದಾಟ, ಅಂಗಡಿ ಕಳ್ಳತನ, ಇಂಥವು ಸಾಮಾನ್ಯವಾಗಿ ರಾಜ್ಯದ ಕೋರ್ಟಿಗೆ ಹೋಗುತ್ತವೆ. ವೀಸಾ ವಂಚನೆ, ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಬಿಲ್ಲಿಂಗಿನ ಮೋಸ, ಕೋವಿಡ್ ಕಾಲದಲ್ಲಿ ಸಣ್ಣ ವ್ಯಾಪಾರಗಳಿಗೆ ಸರ್ಕಾರ ಕೊಡಿಸಿದ ಪಿಪಿಪಿ ಸಾಲದ ಮೋಸ, ಇನ್‌ಸೈಡರ್ ಟ್ರೇಡಿಂಗ್ (ಕಂಪನಿಯ ಒಳಗುಟ್ಟು ಬಳಸಿ ಷೇರು ವ್ಯವಹಾರ), ಫೆಡರಲ್ ತೆರಿಗೆ, ಇಮೇಲ್ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕ ನಡೆದ ಮೋಸ ಇವೆಲ್ಲ ಫೆಡರಲ್. ದೇಶದಲ್ಲಿ 94 ಫೆಡರಲ್ ಜಿಲ್ಲಾ ಕೋರ್ಟುಗಳಿವೆ. ಇಲ್ಲಿನ ಪ್ರಾಸಿಕ್ಯೂಟರುಗಳು ಅವಸರ ಮಾಡುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬ್ಯಾಂಕ್ ದಾಖಲೆ, ಇಮೇಲ್, ಸಾಕ್ಷಿ ಎಲ್ಲ ಕೂಡಿಸಿಟ್ಟುಕೊಂಡು ಆಮೇಲೆ ಬಾಗಿಲು ತಟ್ಟುತ್ತಾರೆ. ಅವರು ಕೇಳುವ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಅವರ ಹತ್ತಿರ ಮೊದಲೇ ಇರುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಮೊದಲ ಹಂತ ಸುಲಭವಾಗಿ ಅರ್ಥವಾಗುತ್ತದೆ.

ಹಂತ 1: ಬಾಗಿಲು ತಟ್ಟಿದ ದಿನ

ಎಫ್‌ಬಿಐ (ಫೆಡರಲ್ ತನಿಖಾ ಸಂಸ್ಥೆ) ಅಥವಾ ತೆರಿಗೆ ಇಲಾಖೆ ಐಆರ್‌ಎಸ್‌ನ ಇಬ್ಬರು ಬೆಳಿಗ್ಗೆ ಆರಕ್ಕೋ ಏಳಕ್ಕೋ ಬರುತ್ತಾರೆ. ಮರ್ಯಾದೆಯಿಂದಲೇ ಮಾತಾಡುತ್ತಾರೆ. "ಒಂದೆರಡು ಪ್ರಶ್ನೆ ಅಷ್ಟೇ" ಅನ್ನುತ್ತಾರೆ. ನಾವು ಬೆಳೆದ ರೀತಿಯಲ್ಲಿ ಅಧಿಕಾರಿ ಮನೆಗೆ ಬಂದರೆ ಕೂರಿಸಿ, ಕಾಫಿ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದೇ ಸಭ್ಯತೆ, ಅಲ್ವಾ? ಇಲ್ಲಿ ಅದೇ ಮುಳುಗಿಸುತ್ತದೆ.

ಫೆಡರಲ್ ಅಧಿಕಾರಿಗೆ ಮಹತ್ವದ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳುವುದೇ ಪ್ರತ್ಯೇಕ ಅಪರಾಧ, 5 ವರ್ಷದವರೆಗೆ ಶಿಕ್ಷೆ ಇದೆ. ಪ್ರಮಾಣ ಮಾಡಿರಬೇಕೆಂದಿಲ್ಲ. ಅಡುಗೆಮನೆಯಲ್ಲಿ ನಿಂತು ಹೇಳಿದ್ದೂ ಲೆಕ್ಕಕ್ಕೆ ಬರುತ್ತದೆ. 2004ರಲ್ಲಿ ಅಮೆರಿಕದ ಟಿವಿ ತಾರೆ, ಉದ್ಯಮಿ ಮಾರ್ಥಾ ಸ್ಟೀವರ್ಟ್ ಜೈಲಿಗೆ ಹೋದದ್ದು ಷೇರು ಮಾರಿದ್ದಕ್ಕಲ್ಲ. ತನಿಖೆಗೆ ಅಡ್ಡಿ ಮಾಡಿದ್ದು ಮತ್ತು ಅಧಿಕಾರಿಗಳಿಗೆ ಸುಳ್ಳು ಹೇಳಿದ್ದು ಅವರ ಮೇಲಿದ್ದ ಅಪರಾಧ.

ಹಾಗಾಗಿ ಹೇಳಬೇಕಾದದ್ದು ಇಷ್ಟೇ: "ನಾನು ವಕೀಲರ ಜೊತೆ ಮಾತಾಡಿದ ಮೇಲೆ ಮಾತಾಡುತ್ತೇನೆ, ನಿಮ್ಮ ಕಾರ್ಡ್ ಕೊಡಿ." ಇದನ್ನು ಇಂಗ್ಲಿಷಿನಲ್ಲಿ ಹೇಳಿ, ಸ್ಪಷ್ಟವಾಗಿ ಹೇಳಿ, ಒಂದೇ ಸಲ ಹೇಳಿ ನಿಲ್ಲಿಸಿ. ಸುಮ್ಮನಿರುವ ಹಕ್ಕಿಗೆ ಪಾಸ್‌ಪೋರ್ಟಿನ ಬಣ್ಣ ಬೇಕಿಲ್ಲ. ಎಚ್-1ಬಿ (ಕೆಲಸದ ವೀಸಾ) ಇರಲಿ, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇರಲಿ, ವೀಸಾ ಮುಗಿದೇ ಹೋಗಿರಲಿ, ಆ ಹಕ್ಕು ಇದೆ.

ಸರ್ಚ್ ವಾರಂಟ್ ತಂದಿದ್ದರೆ ತಡೆಯಬೇಡಿ. ವಾರಂಟಿನ ಪ್ರತಿ ತೆಗೆದುಕೊಳ್ಳಿ, ಏನೇನು ಒಯ್ದರು ಎಂಬ ಪಟ್ಟಿ ಕೇಳಿ ಪಡೆಯಿರಿ. ವಾರಂಟ್ ಇಲ್ಲದೆ "ಒಳಗೆ ನೋಡಬಹುದಾ?" ಅಂದರೆ "ನಾನು ಒಪ್ಪಿಗೆ ಕೊಡುತ್ತಿಲ್ಲ" ಅನ್ನಿ. ಫೋನಿನ ಪಾಸ್‌ಕೋಡ್ ವಿಷಯ ವಕೀಲರಿಗೆ ಬಿಡಿ.

ಅವರು ಹೋದ ಮೇಲಿನ ಒಂದು ಗಂಟೆಯಂತೂ ಇನ್ನೂ ಅಪಾಯ. ಗಾಬರಿಯಲ್ಲಿ ವಾಟ್ಸಾಪ್ ಡಿಲೀಟ್ ಮಾಡುವುದು, ಹಳೇ ಫೈಲ್ ಹರಿಯುವುದು, ಪಾರ್ಟ್ನರಿಗೆ ಫೋನ್ ಮಾಡಿ "ಹೀಗೆ ಹೇಳು" ಅನ್ನುವುದು. ತನಿಖೆ ತಪ್ಪಿಸಲು ದಾಖಲೆ ನಾಶ ಮಾಡಿದರೆ 20 ವರ್ಷದವರೆಗೆ ಶಿಕ್ಷೆ. ಮೂಲ ಕೇಸಿನಲ್ಲಿ ಹುರುಳಿಲ್ಲದಿದ್ದರೂ ಈ ಕೇಸಿನಲ್ಲಿ ಶಿಕ್ಷೆ ಆಗಬಹುದು. ಏನನ್ನೂ ಅಳಿಸಬೇಡಿ. ಏನನ್ನೂ ಹೊಸದಾಗಿ ಬರೆಯಲೂ ಬೇಡಿ.

ಐಟಿ ಕಂಪನಿ, ಆಸ್ಪತ್ರೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಕಂಪನಿಯ ವಕೀಲರು ನಿಮ್ಮನ್ನು ಮೀಟಿಂಗ್ ರೂಮಿಗೆ ಕರೆದು ನಗುನಗುತ್ತಾ ಮಾತಾಡಿಸಬಹುದು. ಅವರು ಕಂಪನಿಯ ವಕೀಲರು, ನಿಮ್ಮವರಲ್ಲ. ಆ ಮಾತುಕತೆಯ ಗೋಪ್ಯತೆ ಕಂಪನಿಗೆ ಸೇರಿದ್ದು ಅಂತ ಸುಪ್ರೀಂ ಕೋರ್ಟಿನ 1981ರ ಅಪ್‌ಜಾನ್ ತೀರ್ಪಿನಿಂದ ಬಂದ ಎಚ್ಚರಿಕೆಯನ್ನು ಅವರೇ ಓದಿ ಹೇಳುತ್ತಾರೆ. ಕಂಪನಿಗೆ ಬೇಕೆನಿಸಿದರೆ ನೀವು ಹೇಳಿದ್ದನ್ನೆಲ್ಲ ಸರ್ಕಾರಕ್ಕೆ ಕೊಡಬಹುದು. ಆ ಎಚ್ಚರಿಕೆ ಕಿವಿಗೆ ಬಿದ್ದ ತಕ್ಷಣ "ನನ್ನದೇ ವಕೀಲರು ಬೇಕು" ಅನ್ನಿ.

ಹಂತ 2: ವಕೀಲರನ್ನು ಹಿಡಿಯುವುದು

ದೇವಸ್ಥಾನದಲ್ಲಿ ಪರಿಚಯವಾದ, ಮನೆ ಕೊಳ್ಳುವಾಗ ಪತ್ರ ಮಾಡಿಕೊಟ್ಟ ವಕೀಲರು ಒಳ್ಳೆಯವರೇ ಇರಬಹುದು. ಇದಕ್ಕೆ ಅವರು ಬೇಡ. ರಾಜ್ಯದ ಕೋರ್ಟಿನಲ್ಲಿ ನೂರಾರು ಕ್ರಿಮಿನಲ್ ಕೇಸು ಮಾಡಿದವರೂ ಫೆಡರಲ್ ಶಿಕ್ಷಾ ನಿಯಮಗಳನ್ನು ದಿನಾ ಬಳಸಿರುವುದಿಲ್ಲ. ಹೀಗೆ ಕೇಳಿ: ಈ ಜಿಲ್ಲೆಯ ಫೆಡರಲ್ ಕೋರ್ಟಿನಲ್ಲಿ ಇತ್ತೀಚೆಗೆ ಎಷ್ಟು ಕೇಸ್ ಮಾಡಿದ್ದೀರಿ? ಇಂಥದ್ದೇ ಆರೋಪದಲ್ಲಿ ಶಿಕ್ಷೆಯ ವಾದ ಮಾಡಿದ್ದೀರಾ? ಕೇಸನ್ನು ನೀವೇ ನೋಡುತ್ತೀರಾ, ಜೂನಿಯರ್‌ಗೆ ಕೊಡುತ್ತೀರಾ? ಫೀಸು ಯಾವ ಹಂತದವರೆಗೆ, ಟ್ರಯಲ್ ಆದರೆ ಬೇರೆಯಾ? "ಖಂಡಿತ ಬಿಡಿಸುತ್ತೇನೆ" ಅಂತ ಭರವಸೆ ಕೊಡುವವರಿಂದ ದೂರ ಇರಿ.

ದುಡ್ಡಿಲ್ಲದಿದ್ದರೆ? ಇಲ್ಲಿ ನಮ್ಮವರಿಗೆ ದೊಡ್ಡ ತಪ್ಪು ಕಲ್ಪನೆ ಇದೆ. 1963ರ ಗಿಡಿಯನ್ ತೀರ್ಪು, 1964ರ ಕ್ರಿಮಿನಲ್ ಜಸ್ಟಿಸ್ ಆ್ಯಕ್ಟ್ ಆದ ಮೇಲೆ ವಕೀಲರನ್ನು ಇಟ್ಟುಕೊಳ್ಳಲು ಆಗದವರಿಗೆ ಕೋರ್ಟೇ ವಕೀಲರನ್ನು ಕೊಡುತ್ತದೆ. ನಾಗರಿಕರಲ್ಲದವರಿಗೂ ಕೊಡುತ್ತದೆ. ಆಸ್ತಿ-ಆದಾಯದ ಅರ್ಜಿ ತುಂಬಿಕೊಡಬೇಕು, ಅದರಲ್ಲಿ ಸುಳ್ಳು ಬರೆಯಬಾರದು. ಹೀಗೆ ಕೋರ್ಟು ಕೊಡುವ ಫೆಡರಲ್ ಡಿಫೆಂಡರ್ ಅಂದರೆ ಸರ್ಕಾರಿ ವಕೀಲ, ಬಿಟ್ಟಿ ವಕೀಲ ಅಂತ ತಾತ್ಸಾರ ಮಾಡುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಅನ್ಯಾಯ. ಈ ವಕೀಲರು ದಿನಾ ಬೆಳಗಾದರೆ ಇದೇ ಕೋರ್ಟಿನಲ್ಲಿರುತ್ತಾರೆ, ಇದೇ ಜಡ್ಜ್‌ಗಳ ಮುಂದೆ ನಿಲ್ಲುತ್ತಾರೆ. ಊರಿನ ಜಮೀನು ಮಾರಿ ತಂದ ದುಡ್ಡಲ್ಲಿ ಫೆಡರಲ್ ಅನುಭವ ಇಲ್ಲದವರನ್ನು ಹಿಡಿಯುವುದಕ್ಕಿಂತ ಇವರು ಎಷ್ಟೋ ಮೇಲು.

ಅಮೆರಿಕದ ನಾಗರಿಕರಲ್ಲದಿದ್ದರೆ ಕ್ರಿಮಿನಲ್ ವಕೀಲರ ಜೊತೆಗೆ ಇಮಿಗ್ರೇಶನ್ ವಕೀಲರೂ ಮೊದಲ ವಾರದಿಂದಲೇ ಬೇಕು. ಕೊನೆಗೆ ನೋಡೋಣ ಅನ್ನಬೇಡಿ. ಕಾರಣ ಹಂತ 6ರಲ್ಲಿದೆ. ಇಮಿಗ್ರೇಶನ್ ಕೋರ್ಟಿನಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿಲ್ಲ, ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಹಂತ 3: ವಕೀಲರ ಜೊತೆ ಮೊದಲ ಭೇಟಿ

ವಕೀಲರು ಮತ್ತು ಆರೋಪಿಯ ನಡುವಿನ ಮಾತು ಗೋಪ್ಯ. ಆದರೆ ಆ ಕೋಣೆಯಲ್ಲಿ ಮಾವ, ಅಣ್ಣ, ಗೆಳೆಯ ಕೂತಿದ್ದರೆ ಆ ಗೋಪ್ಯತೆ ಹೋಗಬಹುದು. ಆದ್ದರಿಂದ ವಕೀಲರು "ನೀವು ಹೊರಗಿರಿ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಫೀಸು ಕೊಟ್ಟವರು ನೀವೇ ಆದರೂ ವಕೀಲರ ಕಕ್ಷಿದಾರ ಆರೋಪಿ ಮಾತ್ರ. ಅವನು ಏನು ಹೇಳಿದ ಅಂತ ನಿಮಗೆ ಹೇಳುವಂತಿಲ್ಲ.

ಜೈಲಿನಲ್ಲಿದ್ದರೆ ಅಲ್ಲಿಂದ ಮನೆಗೆ ಬರುವ ಫೋನ್ ರೆಕಾರ್ಡ್ ಆಗುತ್ತದೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ಅರ್ಥವಾಗುತ್ತೆ ಅಂದುಕೊಳ್ಳಬೇಡಿ, ಸರ್ಕಾರ ಅನುವಾದ ಮಾಡಿಸಬಹುದು. ಆ ಕರೆಗಳಲ್ಲಿ ಊಟ, ನಿದ್ದೆ, ಮಕ್ಕಳ ಸ್ಕೂಲು ಇಷ್ಟೇ ಇರಲಿ.

ಆರೋಪಿ ವಕೀಲರಿಗೆ ನಿಜ ಹೇಳಬೇಕು, ಪೂರ್ತಿ ಹೇಳಬೇಕು. ನಾಚಿಕೆಯಿಂದ ಮುಚ್ಚಿಟ್ಟ ಒಂದು ಬ್ಯಾಂಕ್ ಖಾತೆ, ಒಂದು ಹಳೇ ಕೇಸು, ಆಮೇಲೆ ಪ್ರಾಸಿಕ್ಯೂಟರ್ ಬಾಯಿಂದ ಹೊರಬಂದರೆ ವಕೀಲರು ಅಲ್ಲಿಯವರೆಗೆ ಕಟ್ಟಿದ್ದ ವಾದವೆಲ್ಲ ಬೀಳುತ್ತದೆ.

ತೀರ್ಮಾನಗಳಲ್ಲಿ ಕೆಲವು ವಕೀಲರದ್ದು, ಕೆಲವು ಆರೋಪಿಯದ್ದೇ. ತಪ್ಪೊಪ್ಪಿಕೊಳ್ಳಬೇಕಾ, ಜ್ಯೂರಿ ಬೇಕಾ, ತಾನೇ ಸಾಕ್ಷಿ ಹೇಳಬೇಕಾ, ಮೇಲ್ಮನವಿ ಹಾಕಬೇಕಾ ಈ ನಾಲ್ಕು ಆರೋಪಿಯವು. ವಕೀಲರೂ ಅವನಿಗಾಗಿ ಇವನ್ನು ನಿರ್ಧರಿಸುವಂತಿಲ್ಲ, ಅಪ್ಪ-ಅಮ್ಮನೂ ನಿರ್ಧರಿಸುವಂತಿಲ್ಲ.

ಹಂತ 4: ಆರೋಪ ದಾಖಲಾಗುವ ಮೊದಲು

ಕೆಲವರಿಗೆ ಬಂಧನಕ್ಕೆ ಮೊದಲೇ ಒಂದು ಪತ್ರ ಬರುತ್ತದೆ, "ನೀವು ಈ ತನಿಖೆಯ ಟಾರ್ಗೆಟ್" ಅಂತ. ಅಂದರೆ ನಿಮ್ಮ ವಿರುದ್ಧ ಗಣನೀಯ ಸಾಕ್ಷ್ಯ ಇದೆ, ಆರೋಪ ಹೊರಿಸುವ ಸಾಧ್ಯತೆ ಹೆಚ್ಚು. "ಸಬ್ಜೆಕ್ಟ್" ಅಂದರೆ ನಡುವೆ ಇದ್ದೀರಿ. "ವಿಟ್ನೆಸ್" ಅಂದರೆ ಸದ್ಯಕ್ಕೆ ಸಾಕ್ಷಿ, ನಾಳೆ ಬದಲಾಗಬಹುದು. ವಕೀಲರು ಮೊದಲು ಪ್ರಾಸಿಕ್ಯೂಟರಿಗೆ ಫೋನ್ ಮಾಡಿ ನೀವು ಎಲ್ಲಿದ್ದೀರಿ ಅಂತ ತಿಳಿದುಕೊಳ್ಳುತ್ತಾರೆ. ಹಣದ ಕೇಸುಗಳಲ್ಲಿ ಈ ಹಂತವೇ ಬಹಳ ಬೆಲೆಬಾಳುವುದು. ಇನ್ನೂ ಏನೂ ಸಾರ್ವಜನಿಕವಾಗಿಲ್ಲ, ದಾಖಲೆ ತೋರಿಸಿ ಆರೋಪವನ್ನು ತಡೆಯಲು ಅಥವಾ ಕಿರಿದು ಮಾಡಲು ಅವಕಾಶ ಇದೆ.

ಆರೋಪ ಹೊರಿಸಬೇಕಾ ಅಂತ ತೀರ್ಮಾನಿಸುವ ನಾಗರಿಕರ ಗುಂಪು ಗ್ರ್ಯಾಂಡ್ ಜ್ಯೂರಿ, ಅದರಲ್ಲಿ 16ರಿಂದ 23 ಜನ ಇರುತ್ತಾರೆ. 12 ಜನ ಒಪ್ಪಿದರೆ ಆರೋಪಪಟ್ಟಿ ಹೊರಡುತ್ತದೆ. ಒಳಗೆ ಜಡ್ಜ್ ಇಲ್ಲ, ಡಿಫೆನ್ಸ್ ವಕೀಲರಿಗೂ ಪ್ರವೇಶ ಇಲ್ಲ. ಸಾಕ್ಷಿಯಾಗಿ ಕರೆದರೆ ನಿಮ್ಮ ವಕೀಲರು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ, ನೀವು ಎದ್ದು ಹೊರಬಂದು ಕೇಳಿಕೊಂಡು ಮತ್ತೆ ಒಳಗೆ ಹೋಗಬಹುದು.

ಪ್ರಾಸಿಕ್ಯೂಟರ್ "ಬಂದು ಮಾತಾಡಿ" ಅಂತ ಕರೆದಾಗ ಒಂದು ಒಪ್ಪಂದಪತ್ರ ಕೊಡುತ್ತಾರೆ, ಪ್ರಾಫರ್ ಅಂತ. ಅಲ್ಲಿ ಹೇಳಿದ ಮಾತನ್ನು ನೇರವಾಗಿ ನಿಮ್ಮ ವಿರುದ್ಧ ಬಳಸುವುದಿಲ್ಲ ಎಂಬ ಭರವಸೆ ಅದರಲ್ಲಿರುತ್ತದೆ, ಜೊತೆಗೆ ಸಾಕಷ್ಟು ತೂತುಗಳೂ ಇರುತ್ತವೆ. ಆ ಮಾತಿನ ಎಳೆ ಹಿಡಿದು ಬೇರೆ ಸಾಕ್ಷ್ಯ ಹುಡುಕಬಹುದು. ಆಮೇಲೆ ನೀವು ಬೇರೆ ಕಥೆ ಹೇಳಿದರೆ ಹಳೆಯದನ್ನು ಎದುರಿಗಿಡಬಹುದು. ವಕೀಲರು ಒಂದೊಂದು ಸಾಲನ್ನೂ ವಿವರಿಸುವ ತನಕ ಸಹಿ ಹಾಕಬೇಡಿ.

ಹಂತ 5: ಬಂಧನ ಮತ್ತು ಜಾಮೀನು

ಬಂಧಿಸಿದ ಮೇಲೆ ಅನಾವಶ್ಯಕ ತಡ ಮಾಡದೆ ಮ್ಯಾಜಿಸ್ಟ್ರೇಟ್ ಜಡ್ಜ್ ಮುಂದೆ ನಿಲ್ಲಿಸಬೇಕು. ಅದಕ್ಕೆ ಮುಂಚೆ ಪ್ರಿಟ್ರಯಲ್ ಸರ್ವೀಸಸ್ ಅಧಿಕಾರಿ (ಜಾಮೀನಿನ ಬಗ್ಗೆ ಕೋರ್ಟಿಗೆ ವರದಿ ಕೊಡುವವರು) ಬಂದು ಮನೆ, ಕೆಲಸ, ದುಡ್ಡು, ಪ್ರಯಾಣ ಎಲ್ಲ ಕೇಳುತ್ತಾರೆ. ವಕೀಲರು ಪಕ್ಕದಲ್ಲಿದ್ದಾಗ ಮಾತ್ರ ಉತ್ತರ ಕೊಡಿ, ಕೇಸಿನ ಬಗ್ಗೆ ಒಂದು ಪದವೂ ಬೇಡ.

ಭಾರತದಲ್ಲಿ ಜಾಮೀನು ಅಂದರೆ ಶ್ಯೂರಿಟಿ, ಪಹಣಿ, ದುಡ್ಡು. ಅಮೆರಿಕದ ಸಿನಿಮಾಗಳಲ್ಲಿ ಬಾಂಡ್ ಏಜೆಂಟ್. ಫೆಡರಲ್ ಕೋರ್ಟಿನಲ್ಲಿ ಇವೆರಡೂ ಮುಖ್ಯವಲ್ಲ. 1984ರ ಬೇಲ್ ರಿಫಾರ್ಮ್ ಆ್ಯಕ್ಟ್ ಪ್ರಕಾರ ಜಡ್ಜ್ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಈ ವ್ಯಕ್ತಿ ಓಡಿಹೋಗುತ್ತಾನಾ? ಇವನಿಂದ ಯಾರಿಗಾದರೂ ಅಪಾಯ ಇದೆಯಾ? ಕಾನೂನು ಹೇಳುವ ಕೆಲವು ಬಗೆಯ ಕೇಸುಗಳಲ್ಲಿ ಸರ್ಕಾರ ಬಂಧನದಲ್ಲೇ ಇಡಬೇಕು ಅಂತ ಕೇಳಿದರೆ ವಿಚಾರಣೆಗೆ 3 ದಿನದವರೆಗೆ, ಡಿಫೆನ್ಸ್ ಕೇಳಿದರೆ 5 ದಿನದವರೆಗೆ ಸಮಯ ಸಿಗುತ್ತದೆ.

ನಮ್ಮವರ ವಿರುದ್ಧ ಬರುವ ವಾದ ಗೊತ್ತಿರುವುದೇ: "ಇವರ ತಂದೆ-ತಾಯಿ ಇಂಡಿಯಾದಲ್ಲಿ, ಆಸ್ತಿ ಇಂಡಿಯಾದಲ್ಲಿ, ಪಾಸ್‌ಪೋರ್ಟ್ ಕೈಯಲ್ಲಿ, ವಿಮಾನ ಹತ್ತಿದರೆ ಮುಗೀತು." ಇದಕ್ಕೆ ಉತ್ತರ ಕಟ್ಟಲು ಈ ಕೆಲವೇ ದಿನಗಳಲ್ಲಿ ವಕೀಲರಿಗೆ ನೀವು ಓಡಾಡಿ ಸಾಮಗ್ರಿ ಕೊಡಬೇಕು. ಮನೆಯ ಸಾಲದ ಅಥವಾ ಬಾಡಿಗೆಯ ಕಾಗದ. ಮಕ್ಕಳ ಶಾಲೆಯ ದಾಖಲೆ. ಎಷ್ಟು ವರ್ಷದಿಂದ ಒಂದೇ ಊರಲ್ಲಿದ್ದಾರೆ ಅನ್ನುವುದಕ್ಕೆ ಪುರಾವೆ. ಎಲ್ಲ ಪಾಸ್‌ಪೋರ್ಟುಗಳು, ಅವಧಿ ಮುಗಿದವೂ ಸೇರಿ, ಒಪ್ಪಿಸಲು ಸಿದ್ಧ ಇರಲಿ. ಬಾಂಡಿಗೆ ಸಹಿ ಹಾಕುವ ಇಬ್ಬರು ಮೂವರು ಬೇಕು, ನಾಗರಿಕರೋ ಗ್ರೀನ್ ಕಾರ್ಡಿನವರೋ ಆದರೆ ಒಳ್ಳೆಯದು, ಸ್ಥಿರ ಕೆಲಸ ಇರಬೇಕು. ಎಷ್ಟೋ ಸಲ ಮೊದಲೇ ದುಡ್ಡು ಕಟ್ಟಬೇಕಾಗಿಲ್ಲ, ಸಹಿ ಸಾಕು. ಆರೋಪಿ ಓಡಿಹೋದರೆ ಮಾತ್ರ ಆ ಮೊತ್ತ ಸಹಿ ಹಾಕಿದವರ ತಲೆಗೆ ಬರುತ್ತದೆ. ಸಹಿ ಹಾಕುವ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಿ. ಕೋರ್ಟಿನಲ್ಲಿ ಜಡ್ಜ್ ಅವರನ್ನೇ ನೇರ ಕೇಳುತ್ತಾರೆ, ಆಗ ತಡವರಿಸಿದರೆ ಕೆಲಸ ಕೆಡುತ್ತದೆ.

ಮ್ಯಾಜಿಸ್ಟ್ರೇಟ್ ಜಾಮೀನು ಕೊಡದಿದ್ದರೆ ಜಿಲ್ಲಾ ಜಡ್ಜ್ ಹತ್ತಿರ ಮರುಪರಿಶೀಲನೆ ಕೇಳಬಹುದು. ಇನ್ನೊಂದು ಕಡೆ, ಕೋರ್ಟು ಬಿಟ್ಟರೂ ಇಮಿಗ್ರೇಶನ್ ಜಾರಿ ಇಲಾಖೆ ಐಸ್‌ನವರು (ICE) ಬಾಗಿಲಲ್ಲೇ ಹಿಡಿದುಕೊಳ್ಳುವ ಸಾಧ್ಯತೆ ನಾಗರಿಕರಲ್ಲದವರಿಗೆ ಇದೆ. ಜಾಮೀನು ಕೇಳುವ ಮೊದಲೇ ಇಬ್ಬರು ವಕೀಲರೂ ಈ ಬಗ್ಗೆ ಮಾತಾಡಿಕೊಂಡಿರಬೇಕು. ಬಂಧಿತರು ಕೇಳಿದರೆ ಭಾರತದ ಕಾನ್ಸುಲೇಟಿಗೆ ತಿಳಿಸಬೇಕು ಅನ್ನುವುದು ವಿಯೆನ್ನಾ ಒಪ್ಪಂದದ 36ನೇ ವಿಧಿ. ಕಾನ್ಸುಲೇಟ್ ಕೇಸು ನಡೆಸಿಕೊಡುವುದಿಲ್ಲ, ಆದರೆ ಊರಿನ ಮನೆಯವರಿಗೆ ಸುದ್ದಿ, ಪಾಸ್‌ಪೋರ್ಟ್ ವಿಷಯಗಳಿಗೆ ಉಪಯೋಗ.

ಭಾಷೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಉಚಿತ, 1978ರ ಕಾನೂನೇ ಇದೆ. ವಯಸ್ಸಾದ ಅಪ್ಪ ಅಮ್ಮ ಸಾಕ್ಷಿ ಹೇಳಬೇಕಾದರೆ "ಹಿಂದಿ ನಡೆಯುತ್ತೆ ಬಿಡಿ" ಅನ್ನಬೇಡಿ. ಕನ್ನಡದವರೇ ಬೇಕು ಅಂತ ವಕೀಲರ ಮೂಲಕ ಮೊದಲೇ ಕೇಳಿ, ಹುಡುಕಲು ಅವರಿಗೂ ಸಮಯ ಬೇಕು.

ಹಂತ 6: ಸಾಕ್ಷ್ಯ, ಅರ್ಜಿ, ಆಮೇಲೆ ಆ ದೊಡ್ಡ ತೀರ್ಮಾನ

ಕಾನೂನಿನ ಪ್ರಕಾರ ಆರೋಪಪಟ್ಟಿ ಬಂದ ಮೇಲೆ 70 ದಿನದೊಳಗೆ ಟ್ರಯಲ್ ಶುರುವಾಗಬೇಕು. ನಿಜದಲ್ಲಿ ಬಹಳಷ್ಟು ದಿನಗಳು ಈ ಲೆಕ್ಕದಿಂದ ಹೊರಗಿರುತ್ತವೆ, ಡಿಫೆನ್ಸ್ ವಕೀಲರೇ ಮುಂದೂಡಲು ಕೇಳುವುದೂ ಇದೆ. ಲಕ್ಷಾಂತರ ಪುಟ ಇಮೇಲ್ ಓದಲು ಸಮಯ ಬೇಕಲ್ಲ. ಸರ್ಕಾರ ತನ್ನ ಬಳಿಯ ದಾಖಲೆ ಕೊಡಬೇಕು. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಮುಚ್ಚಿಡುವಂತಿಲ್ಲ ಅಂತ 1963ರ ಬ್ರೇಡಿ ತೀರ್ಪು ಹೇಳುತ್ತದೆ. ಸರ್ಚ್ ಅಕ್ರಮವಾಗಿದ್ದರೆ ಆ ಸಾಕ್ಷ್ಯವನ್ನು ಹೊರಗಿಡಿ ಎಂದು ಅರ್ಜಿ ಹಾಕುವುದು ಈ ಹಂತದಲ್ಲೇ. ಮನೆಯವರ ಸಹಾಯ ಇಲ್ಲಿ ಬಹಳ ಬೇಕು. ಯಾವ ಖಾತೆ ಯಾರದ್ದು, ಈ ಇಮೇಲಿನಲ್ಲಿ "ಅಣ್ಣ" ಅಂದರೆ ಯಾರು, ಕನ್ನಡದ ಮೆಸೇಜಿನ ಇಂಗ್ಲಿಷ್ ಅನುವಾದ ಸರಿ ಇದೆಯಾ, ಇವನ್ನೆಲ್ಲ ವಕೀಲರಿಗೆ ಹೇಳಿಕೊಡುವವರು ನೀವೇ. ಬರೀ ಮರ್ಯಾದೆಗೆ ಅಂದ "ಆಯ್ತು ಸಾರ್, ಮಾಡೋಣ" ಅನ್ನುವ ಮಾತು ಇಂಗ್ಲಿಷಿಗೆ ಹೋದಾಗ ಸಂಚಿಗೆ ಒಪ್ಪಿಗೆ ಕೊಟ್ಟಂತೆ ಕಾಣಬಹುದು.

ಇಷ್ಟಾದ ಮೇಲೆ ಒಂದು ಒಪ್ಪಂದಪತ್ರ ಬರುತ್ತದೆ: ತಪ್ಪೊಪ್ಪಿಕೊಂಡರೆ ಇಷ್ಟು. ಇದನ್ನು ಓದುವಾಗ ನಾಗರಿಕರಲ್ಲದವರು ಜೈಲಿನ ತಿಂಗಳುಗಳನ್ನು ಮಾತ್ರ ನೋಡಿದರೆ ಜೀವನ ಹಾಳಾಗುತ್ತದೆ. 2010ರ ಪಡಿಲ್ಲಾ ತೀರ್ಪಿನ ಕಥೆ ಅದೇ. ಹೊಸೆ ಪಡಿಲ್ಲಾ ಹೊಂಡುರಾಸ್‌ನಲ್ಲಿ ಹುಟ್ಟಿದವರು, 40 ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಇದ್ದವರು, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಮಾಡಿದವರು. ಅಷ್ಟು ವರ್ಷ ಇದ್ದೀರಿ, ಚಿಂತೆ ಬೇಡ ಅಂತ ವಕೀಲರು ಹೇಳಿದ್ದನ್ನು ನಂಬಿ ತಪ್ಪೊಪ್ಪಿಕೊಂಡರು. ಗಡೀಪಾರು ಹೆಚ್ಚುಕಡಿಮೆ ಖಚಿತವಾಯಿತು. ಗಡೀಪಾರಿನ ಅಪಾಯವನ್ನು ಹೇಳುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು.

ವಂಚನೆ ಕೇಸಿನಲ್ಲಿ ನಷ್ಟ 10,000 ಡಾಲರ್ ದಾಟಿದರೆ ಅದು ಇಮಿಗ್ರೇಶನ್ ಕಾನೂನಿನಲ್ಲಿ "ಆ್ಯಗ್ರವೇಟೆಡ್ ಫೆಲನಿ", ಅಂದರೆ ಗಂಭೀರ ಅಪರಾಧಗಳ ಪಟ್ಟಿಗೆ ಸೇರಿದ್ದು. ಗ್ರೀನ್ ಕಾರ್ಡ್ ಇದ್ದವರಿಗೂ ಉಳಿಯುವ ದಾರಿಗಳು ಬಹುತೇಕ ಮುಚ್ಚುತ್ತವೆ. 2009ರ ನಿಝಾವನ್ ತೀರ್ಪನ್ನು ಪ್ರತಿ ಭಾರತೀಯ ಕುಟುಂಬ ತಿಳಿದಿರಬೇಕು. ಮನೋಜ್ ನಿಝಾವನ್ 1985ರಲ್ಲಿ ಭಾರತದಿಂದ ಬಂದವರು. ಜ್ಯೂರಿ ನಷ್ಟ ಎಷ್ಟು ಎಂದು ಹೇಳಿಯೇ ಇರಲಿಲ್ಲ. ಆದರೂ ಶಿಕ್ಷೆಯ ಹಂತದಲ್ಲಿ ಒಪ್ಪಿಕೊಂಡ ಮೊತ್ತ ಮತ್ತು ಪರಿಹಾರದ ಆದೇಶ ನೋಡಿ ಗಡೀಪಾರು ನಿರ್ಧರಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಒಳ್ಳೆಯ ವಕೀಲರು ಒಪ್ಪಂದಪತ್ರ, ಪರಿಹಾರದ ಆದೇಶ, ಶಿಕ್ಷೆಯ ವರದಿ ಎಲ್ಲದರಲ್ಲೂ ಯಾವ ಆರೋಪಕ್ಕೆ ಯಾವ ಮೊತ್ತ ಅಂಟಿದೆ ಅಂತ ಒಂದೊಂದು ಪದ ಹಿಡಿದು ಚೌಕಾಸಿ ಮಾಡುತ್ತಾರೆ.

ತಪ್ಪೊಪ್ಪಿಗೆಯ ದಿನ ಜಡ್ಜ್ ಪ್ರಮಾಣ ಮಾಡಿಸಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ. ಎಷ್ಟು ಓದಿದ್ದೀರಿ? ಯಾವುದಾದರೂ ಔಷಧಿ ತೆಗೆದುಕೊಂಡಿದ್ದೀರಾ? ಯಾರಾದರೂ ಹೆದರಿಸಿದರಾ, ಬೇರೆ ಭರವಸೆ ಕೊಟ್ಟರಾ? ವಕೀಲರ ಕೆಲಸ ತೃಪ್ತಿಯಾಗಿದೆಯಾ? ಗಡೀಪಾರು ಆಗಬಹುದು, ಗೊತ್ತಾ? ಏನು ಮಾಡಿದಿರಿ, ನಿಮ್ಮ ಮಾತಲ್ಲಿ ಹೇಳಿ. ತಲೆ ಅಲ್ಲಾಡಿಸಿದರೆ, "ಹೂಂ" ಅಂದರೆ ಸಾಲದು, ಬಾಯಿಬಿಟ್ಟು ಉತ್ತರ ಹೇಳಬೇಕು, ಅದು ದಾಖಲೆಗೆ ಹೋಗುತ್ತದೆ. ಅರ್ಥವಾಗದ ಪ್ರಶ್ನೆಗೂ "ಯೆಸ್ ಯುವರ್ ಆನರ್" ಅನ್ನುವ ಅಭ್ಯಾಸ ನಮ್ಮವರಿಗೆ ಇದೆ. ಬೇಡ. "ಒಂದು ನಿಮಿಷ, ವಕೀಲರನ್ನು ಕೇಳುತ್ತೇನೆ" ಅನ್ನಲು ಪೂರ್ತಿ ಹಕ್ಕಿದೆ. ಜಡ್ಜ್ ಒಪ್ಪಿದ ಮೇಲೆ ತಪ್ಪೊಪ್ಪಿಗೆಯನ್ನು ಹಿಂಪಡೆಯುವುದು ಬಹಳ ಕಷ್ಟ.

ಟ್ರಯಲ್‌ಗೆ ಹೋದರೆ

12 ಜನರ ಜ್ಯೂರಿ, ಎಲ್ಲರೂ ಒಂದೇ ತೀರ್ಮಾನಕ್ಕೆ ಬರಬೇಕು. ಜ್ಯೂರಿ ಆರಿಸುವಾಗ ಕಾರಣ ಕೊಡದೆ ಡಿಫೆನ್ಸ್ 10 ಜನರನ್ನು, ಸರ್ಕಾರ 6 ಜನರನ್ನು ಬೇಡ ಅನ್ನಬಹುದು. ಆರೋಪಿ ಬಾಯಿ ಬಿಡಲೇಬೇಕಾಗಿಲ್ಲ, ಅದನ್ನು ಅವನ ವಿರುದ್ಧ ಎಣಿಸಬಾರದು ಎಂದು ಜಡ್ಜ್ ಜ್ಯೂರಿಗೆ ಹೇಳುತ್ತಾರೆ. ಸಾಕ್ಷಿ ಹೇಳಿ, ಅದು ಬೇಕೆಂದೇ ಹೇಳಿದ ಸುಳ್ಳು ಅಂತ ಜಡ್ಜ್‌ಗೆ ಅನಿಸಿದರೆ ಶಿಕ್ಷೆ ಏರುತ್ತದೆ. ವಕೀಲರ ಮುಖ್ಯ ಕೆಲಸ ಸರ್ಕಾರದ ಸಾಕ್ಷಿಗಳ ಪಾಟೀಸವಾಲು. ತಮ್ಮ ಶಿಕ್ಷೆ ಕಡಿಮೆಯಾಗಲಿ ಎಂದು ಸರ್ಕಾರದ ಕಡೆ ಸೇರಿದವರನ್ನು ಅವರು ಎಷ್ಟು ಚೆನ್ನಾಗಿ ಪ್ರಶ್ನಿಸುತ್ತಾರೆ ಅನ್ನುವುದರ ಮೇಲೆ ಬಹಳ ನಿಂತಿದೆ.

ಹಂತ 7: ಶಿಕ್ಷೆಯ ಲೆಕ್ಕ

ಫೆಡರಲ್ ಶಿಕ್ಷೆಗೆ 1987ರಿಂದ ಒಂದು ಕೋಷ್ಟಕ ಇದೆ. ಒಂದು ಕಡೆ ಅಪರಾಧದ ಮಟ್ಟ 1ರಿಂದ 43, ಇನ್ನೊಂದು ಕಡೆ ಹಿಂದಿನ ಕೇಸುಗಳ ಲೆಕ್ಕದಲ್ಲಿ 6 ವರ್ಗ. 2005ರ ಬೂಕರ್ ತೀರ್ಪಿನ ನಂತರ ಜಡ್ಜ್ ಇದನ್ನು ಪಾಲಿಸಲೇಬೇಕೆಂದಿಲ್ಲ, ಆದರೆ ಲೆಕ್ಕ ಶುರುವಾಗುವುದು ಇಲ್ಲಿಂದಲೇ.

ಒಂದು ಉದಾಹರಣೆ ಮಾಡಿ ನೋಡೋಣ, 2024ರ ಫೆಡರಲ್ ಶಿಕ್ಷಾ ನಿಯಮಗಳ ಕೈಪಿಡಿ ಪ್ರಕಾರ. ವೈರ್ ಫ್ರಾಡ್ (ಇಮೇಲ್, ಬ್ಯಾಂಕ್ ವರ್ಗಾವಣೆಯಂಥವುಗಳ ಮೂಲಕ ಮೋಸ), ನಷ್ಟ 2 ಲಕ್ಷ ಡಾಲರ್, ಹಿಂದೆ ಯಾವ ಕೇಸೂ ಇಲ್ಲ. ಮೂಲ ಮಟ್ಟ 7. ನಷ್ಟ ಒಂದೂವರೆ ಲಕ್ಷ ದಾಟಿದ್ದಕ್ಕೆ 10 ಸೇರಿ 17. ಟ್ರಯಲ್‌ನಲ್ಲಿ ಸೋತು ಇಲ್ಲೇ ನಿಂತರೆ 24ರಿಂದ 30 ತಿಂಗಳು. ತಪ್ಪು ಒಪ್ಪಿಕೊಂಡರೆ 2 ಕಳೆಯುತ್ತದೆ, ಮಟ್ಟ 16 ಅಥವಾ ಮೇಲಿದ್ದು ಸರ್ಕಾರವೂ ಕೇಳಿಕೊಂಡರೆ ಇನ್ನೊಂದು. ಈಗ 14, ಅಂದರೆ 15ರಿಂದ 21 ತಿಂಗಳು. ಹಿಂದಿನ ಕೇಸಿನ ಅಂಕ ಸೊನ್ನೆ ಇದ್ದು ಉಳಿದ ಷರತ್ತುಗಳೂ ಹೊಂದಿದರೆ 2023ರಿಂದ ಇನ್ನೂ 2 ಕಡಿಮೆ. ಈಗ 12, ಅಂದರೆ 10ರಿಂದ 16 ತಿಂಗಳು.

ಈಗ ವಕೀಲರು ಒಂದೊಂದೇ ಇನ್‌ವಾಯ್ಸ್ ತೆಗೆದು, ಇಷ್ಟು ಕೆಲಸ ನಿಜವಾಗಿ ನಡೆದಿದೆ, ಇಷ್ಟು ದುಡ್ಡು ಸಿಕ್ಕಿಬೀಳುವ ಮೊದಲೇ ವಾಪಸ್ ಹೋಗಿದೆ ಎಂದು ತೋರಿಸಿ ನಷ್ಟವನ್ನು 1,40,000ಕ್ಕೆ ಇಳಿಸಿದರು ಅನ್ನಿ. 10ರ ಬದಲು 8 ಸೇರುತ್ತದೆ, ಮಟ್ಟ 15. ಆದರೆ 16 ಮುಟ್ಟಿಲ್ಲವಾದ್ದರಿಂದ ಒಪ್ಪಿಗೆಗೆ 2 ಮಾತ್ರ ಕಳೆಯುತ್ತದೆ, 13. ಮತ್ತೆ 2 ಹೋದರೆ 11, ಅಂದರೆ 8ರಿಂದ 14 ತಿಂಗಳು. ಹಳೇ ಇನ್‌ವಾಯ್ಸ್ ಹುಡುಕಿಕೊಡಿ ಅಂತ ವಕೀಲರು ಮೂರನೇ ಸಲ ಕೇಳಿದಾಗ ಬೇಸರಪಡಬೇಡಿ, ಅವರು ಲೆಕ್ಕ ಹಾಕುತ್ತಿರುವುದು ತಿಂಗಳುಗಳನ್ನು.

ಶಿಕ್ಷೆಗೆ ಮುಂಚೆ ಪ್ರೊಬೇಷನ್ ಅಧಿಕಾರಿ ಆರೋಪಿಯ ಬಾಲ್ಯದಿಂದ ಹಿಡಿದು ಎಲ್ಲ ವಿಚಾರಿಸಿ ವರದಿ ಬರೆಯುತ್ತಾರೆ. ಕರಡು ಕೈಗೆ ಬಂದ 14 ದಿನದೊಳಗೆ ಆಕ್ಷೇಪ ಬರೆದು ಕೊಡಬೇಕು. ಜೈಲಿನಲ್ಲಿ ಆಮೇಲೆ ಎಲ್ಲದಕ್ಕೂ ಇದೇ ವರದಿ ಆಧಾರ. ಕಾಯಿಲೆ, ಔಷಧಿ, ಓದು ಎಲ್ಲ ಸರಿಯಾಗಿ ದಾಖಲಾಗಿದೆಯಾ ನೋಡಿ.

ಆಮೇಲೆ ಆರೋಪಿಯ ನಡತೆಯ ಬಗ್ಗೆ ಜಡ್ಜ್‌ಗೆ ಬರೆಯುವ ಪತ್ರಗಳು. ಇದು ಪೂರ್ತಿ ಮನೆಯವರ ಕೆಲಸ, ನಾನು ಕಂಡ ಹಾಗೆ ಹೆಚ್ಚು ಕೆಡುವುದೂ ಇಲ್ಲೇ. 2012ರಲ್ಲಿ ಮೆಕಿನ್ಸಿ ಕಂಪನಿಯ ಮಾಜಿ ಮುಖ್ಯಸ್ಥ ರಜತ್ ಗುಪ್ತಾ ಅವರಿಗೆ ಇನ್‌ಸೈಡರ್ ಟ್ರೇಡಿಂಗ್ ಕೇಸಿನಲ್ಲಿ ಮ್ಯಾನ್‌ಹಟನ್‌ನಲ್ಲಿ ಶಿಕ್ಷೆ ಆದಾಗ ಜಡ್ಜ್ ಜೆಡ್ ರೇಕಾಫ್ ಮಾಡಿದ ಲೆಕ್ಕದಲ್ಲಿ ಕೋಷ್ಟಕ 78ರಿಂದ 97 ತಿಂಗಳು ಹೇಳುತ್ತಿತ್ತು, ಕೊಟ್ಟದ್ದು 24 ತಿಂಗಳು. ಬಿಲ್ ಗೇಟ್ಸ್, ಕೋಫಿ ಅನ್ನಾನ್ ಪತ್ರ ಬರೆದಿದ್ದರು ನಿಜ. ನಮಗೆ ಅಂಥವರು ಬೇಕಿಲ್ಲ. ಜಡ್ಜ್‌ಗೆ ಬೇಕಾದದ್ದು ಕಣ್ಣಿಗೆ ಕಟ್ಟುವ ಒಂದು ವಿಷಯ. "ಇವರು ತುಂಬಾ ಒಳ್ಳೆಯವರು, ದೈವಭಕ್ತರು, ಒಳ್ಳೆ ಮನೆತನ" ಅನ್ನುವ ಇಪ್ಪತ್ತು ಪತ್ರಕ್ಕಿಂತ "ನನ್ನ ಗಂಡನಿಗೆ ಕೀಮೋ ನಡೆಯುವಾಗ ಇವರು ಪ್ರತಿ ಮಂಗಳವಾರ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು" ಅನ್ನುವ ಒಂದು ಪತ್ರ ಹೆಚ್ಚು ಕೆಲಸ ಮಾಡುತ್ತದೆ. ಬರೆಯುವವರಿಗೆ ಆರೋಪ ಏನೆಂದು ಗೊತ್ತಿರಬೇಕು, ಪತ್ರದಲ್ಲಿ ಅದನ್ನು ಹೇಳಬೇಕು. ತಪ್ಪೊಪ್ಪಿಕೊಂಡ ಮೇಲೆ "ಇವನು ನಿರಪರಾಧಿ, ಯಾರೋ ಸಿಕ್ಕಿಸಿದ್ದಾರೆ" ಎಂದು ಬರೆದರೆ ಅದು ಅವನಿಗೇ ಮುಳುವು. ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಅವರು ತಮ್ಮ ಕೈಯಲ್ಲೇ ಕನ್ನಡದಲ್ಲಿ ಬರೆಯಲಿ, ಅದಕ್ಕೆ ಸಹಿ ಮಾಡಿದ ಅನುವಾದ ಲಗತ್ತಿಸಿ. ಪತ್ರಗಳೆಲ್ಲ ವಕೀಲರ ಕೈಗೆ ಹೋಗಲಿ, ಜಡ್ಜ್‌ಗೆ ನೇರ ಕಳಿಸಬೇಡಿ.

ಒಂದು ಸೂಕ್ಷ್ಮ ಇದೆ. ಫೆಡರಲ್ ಜೈಲಿನಲ್ಲಿ ಪೆರೋಲ್ (ಅವಧಿಗೆ ಮೊದಲೇ ಷರತ್ತಿನ ಬಿಡುಗಡೆ) ಇಲ್ಲ. ಒಳ್ಳೆ ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಡಿತ ಇದೆ, ಆದರೆ ಶಿಕ್ಷೆ ಒಂದು ವರ್ಷಕ್ಕಿಂತ ಹೆಚ್ಚಿದ್ದರೆ ಮಾತ್ರ. ಅದಕ್ಕೇ ವಕೀಲರು "12 ತಿಂಗಳು ಮತ್ತು ಒಂದು ದಿನ" ಕೊಡಿ ಎಂದು ಕೇಳುವುದುಂಟು, ನಾಗರಿಕರಿಗೆ ಅದು ಲಾಭ. ನಾಗರಿಕರಲ್ಲದವರಿಗೆ ಅದೇ ಮಾತು ವಿಷ ಆಗಬಹುದು. ವೀಸಾ ದಾಖಲೆ ವಂಚನೆ, ಕಳ್ಳತನದಂಥ ಅಪರಾಧಗಳಲ್ಲಿ ಶಿಕ್ಷೆ 12 ತಿಂಗಳು ಮುಟ್ಟಿದರೇ ಅದು ಆ್ಯಗ್ರವೇಟೆಡ್ ಫೆಲನಿ. ಅಂಥ ಕೇಸಿನಲ್ಲಿ 364 ದಿನ ಕೇಳಬೇಕು. ಸ್ವಲ್ಪ ಜಾಸ್ತಿ ದಿನ ಒಳಗಿದ್ದರೂ ಪರವಾಗಿಲ್ಲ.

ಹಂತ 8: ತೀರ್ಪಿನ ಮರುದಿನ

ಮೇಲ್ಮನವಿಯ ನೋಟಿಸ್ ಹಾಕಲು ಇರುವುದು 14 ದಿನ. ಆ ದಿನಗಳಲ್ಲಿ ಮನೆಯವರು ಅಳುತ್ತಾ ಕೂತಿರುತ್ತಾರೆ, ಗಡುವು ಜಾರಿಹೋಗುತ್ತದೆ. ಒಪ್ಪಂದದಲ್ಲಿ ಮೇಲ್ಮನವಿಯ ಹಕ್ಕು ಬಿಟ್ಟುಕೊಟ್ಟಿದ್ದರೂ ಆರೋಪಿ "ಹಾಕಿ" ಅಂದರೆ ವಕೀಲರು ನೋಟಿಸ್ ಹಾಕಲೇಬೇಕು ಎಂದು 2019ರ ಗಾರ್ಜಾ ತೀರ್ಪು ಹೇಳುತ್ತದೆ. ಆರೋಪಿಯೇ ಅದನ್ನು ಬರವಣಿಗೆಯಲ್ಲಿ ಕೇಳಲಿ. ವಕೀಲರ ಲೋಪದ ಮೇಲೆ ತೀರ್ಪು ರದ್ದು ಮಾಡಲು ಕೇಳುವ 2255 ಅರ್ಜಿಗೆ (ಅದು ಕಾನೂನಿನ ಸೆಕ್ಷನ್ ಸಂಖ್ಯೆ) ಸಾಮಾನ್ಯವಾಗಿ ತೀರ್ಪು ಅಂತಿಮವಾದ ದಿನದಿಂದ ಒಂದು ವರ್ಷ.

ಜಡ್ಜ್ ತಾನಾಗಿ ಹೋಗಿ ಶರಣಾಗಲು ದಿನ ಕೊಟ್ಟಿದ್ದರೆ ಅಷ್ಟರೊಳಗೆ ಪವರ್ ಆಫ್ ಅಟಾರ್ನಿ ಮಾಡಿಸಿ, ಬ್ಯಾಂಕಿನ ಕೆಲಸ ಮುಗಿಸಿ, ವೈದ್ಯರ ಚೀಟಿಗಳನ್ನು ಒಟ್ಟುಮಾಡಿ. ಗಡೀಪಾರಿನ ಅಂತಿಮ ಆದೇಶ ಇರುವವರಿಗೆ 2018ರ ಫಸ್ಟ್ ಸ್ಟೆಪ್ ಆ್ಯಕ್ಟ್‌ನಲ್ಲಿ ಜೈಲಿನ ಕಾರ್ಯಕ್ರಮಗಳಿಂದ ಗಳಿಸಿದ ಶಿಕ್ಷೆಯ ಕಡಿತವನ್ನು ಬಳಸಲು ಆಗುವುದಿಲ್ಲ, ಬಿಡುಗಡೆಯ ದಿನಾಂಕ ಲೆಕ್ಕ ಹಾಕುವಾಗ ಇದು ನೆನಪಿರಲಿ. ಆರೋಪಪಟ್ಟಿ, ಒಪ್ಪಂದಪತ್ರ, ತಪ್ಪೊಪ್ಪಿಗೆಯ ದಿನದ ಪ್ರಶ್ನೋತ್ತರದ ನಕಲು, ತೀರ್ಪಿನ ಪ್ರತಿ, ಪರಿಹಾರದ ಆದೇಶ ಈ ಐದನ್ನೂ ಒಂದು ಫೈಲಿಗೆ ಹಾಕಿ ಇಮಿಗ್ರೇಶನ್ ವಕೀಲರಿಗೆ ಒಂದು ಪ್ರತಿ ಕೊಡಿ, ಮನೆಯಲ್ಲಿ ಒಂದು ಇಟ್ಟುಕೊಳ್ಳಿ. ಮುಂದೆ ಇಮಿಗ್ರೇಶನ್ ಜಡ್ಜ್ ಮುಂದೆ ನಡೆಯುವ ವಾದಕ್ಕೆಲ್ಲ ಮೊದಲು ಬೇಕಾಗುವುದು ಈ ಕಾಗದಗಳೇ.